ಕಾಲೇಜು ಸೇರುವ ಗಿಟಾರ್ ಹುಡುಗ-ಹುಡುಗಿಯರಿಗೆ: ಕೊಡಗಿನಿಂದಲೇ ಸಂಗೀತದ ದುಡಿಮೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಪಿಯುಸಿ ಫಲಿತಾಂಶ ಬಂದು, ಮಳೆ ಇನ್ನೇನು ಹಿಡಿಯಬೇಕು ಅನ್ನುವ ಹೊತ್ತಿಗೆ ನನ್ನ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. ಮಾತಾಡುವವರು ಹೆಚ್ಚಾಗಿ ಅಪ್ಪಂದಿರು. ಮಾತು ಪ್ರತಿ ವರ್ಷ ಒಂದೇ: "ಸರ್, ಇವನು ಬೆಳಗ್ಗೆಯಿಂದ ಗಿಟಾರ್ ಹಿಡಿದು ಕೂತಿರ್ತಾನೆ. ಇದರಲ್ಲಿ ಹೊಟ್ಟೆ ತುಂಬುತ್ತಾ?" ಹಿಂದಿನಿಂದ ಮಗ ಏನೋ ಗೊಣಗುವುದು ಕೇಳುತ್ತದೆ.

ತುಂಬುತ್ತದೆ. ಆದರೆ ಬರೀ ಬಾರಿಸುವುದರಿಂದ ತುಂಬುವುದು ಅಪರೂಪ. ನಾನು ಕೆಲವು ವರ್ಷ ಬೆಂಗಳೂರಿನಲ್ಲಿ ಬಾರಿಸಿ ಬದುಕಲು ನೋಡಿದವನು. ಈಗ ವಿರಾಜಪೇಟೆ ಕಡೆ ಕಲಿಸುತ್ತೇನೆ. ಈ ಕೆಲಸದಲ್ಲಿ ನಿಂತಿರುವ ನನ್ನ ಪರಿಚಯದವರಿಗೆಲ್ಲ ಮೂರು ನಾಲ್ಕು ಕಡೆಯಿಂದ ದುಡ್ಡು ಬರುತ್ತದೆ. ನಮ್ಮ ತೋಟ ಇದ್ದ ಹಾಗೆಯೇ. ಕಾಫಿ ಮಧ್ಯೆ ಸಿಲ್ವರ್ ಮರ, ಮರಕ್ಕೆ ಕರಿಮೆಣಸಿನ ಬಳ್ಳಿ. ಕಾಫಿ ರೇಟ್ ಬಿದ್ದ ವರ್ಷ ಮೆಣಸು ಮನೆ ನಡೆಸುತ್ತದೆ. ಕಾಲೇಜಿನ ಮೂರು ವರ್ಷದಲ್ಲಿ ನೀವು ಮಾಡಬೇಕಾದ್ದು ಇಷ್ಟೇ: ನಿಮ್ಮ ಕೈಗೆ ಯಾವ ಮೂರು ನಾಲ್ಕು ಬೆಳೆ ಹತ್ತುತ್ತವೆ ಅಂತ ಕಂಡುಕೊಳ್ಳುವುದು.

ಹೆಜ್ಜೆ 1: ಕೈ ಎಲ್ಲಿದೆ ಅಂತ ನೋಡಿ

ಫೋನ್ ರೆಕಾರ್ಡರ್ ಆನ್ ಮಾಡಿ. ಮೆಟ್ರೊನೋಮ್ (ತಾಳಕ್ಕೆ ಟಕ್ ಟಕ್ ಅನ್ನುವ ಆ್ಯಪ್) ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಒಂದೇ ಸ್ಟ್ರಮ್ಮಿಂಗ್ ಅನ್ನು ನಾಲ್ಕು ನಿಮಿಷ ಬಿಡದೆ ಬಾರಿಸಿ. ಆಮೇಲೆ ಇಯರ್‌ಫೋನ್ ಹಾಕಿ ಕೇಳಿ. ವೇಗವಾಗಿ ಬಾರಿಸುವಾಗ ಮುಚ್ಚಿಹೋಗುವ ತಪ್ಪುಗಳೆಲ್ಲ 60ರಲ್ಲಿ ಬಯಲಿಗೆ ಬರುತ್ತವೆ. ಸ್ಟುಡಿಯೋದಲ್ಲಿ ಕ್ಲಿಕ್ (ಇದೇ ಟಕ್ ಟಕ್) ಬಿಟ್ಟು ಆಚೀಚೆ ಓಡುವ ಹುಡುಗನನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ. ಅವನ ಸೋಲೊ ಎಷ್ಟೇ ಚೆನ್ನಾಗಿರಲಿ.

ಎರಡನೆಯದು, ಗೊತ್ತಿಲ್ಲದ ಒಂದು ಹಾಡನ್ನು ಎರಡು ಸಲ ಕೇಳಿ, ಇಂಟರ್‌ನೆಟ್ ನೋಡದೆ ಅದರ ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗುಚ್ಛ) ಬರೆಯಿರಿ. ಮೂರನೆಯದು, ಹಾಡುವವರು "ಒಂದು ಸ್ವರ ಕೆಳಗೆ ಹಾಡ್ತೀನಿ" ಅಂದರೆ ಅಲ್ಲೇ ಬದಲಿಸಿ ಬಾರಿಸಿ. ಕೇಪೋ (ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್) ಹಾಕಿದರೆ ಶ್ರುತಿ ಮೇಲಕ್ಕೆ ಮಾತ್ರ ಹೋಗುತ್ತದೆ ಅಲ್ವಾ? ಕೆಳಗೆ ಬರಬೇಕಾದಾಗ ತಲೆ ಓಡಬೇಕು. ನಮ್ಮಲ್ಲಿ ಚರ್ಚ್ ಕಾಯರ್‌ನಲ್ಲಿ ಬಾರಿಸಿ ಬೆಳೆದ ಮಕ್ಕಳು ಇದರಲ್ಲಿ ಉಳಿದವರಿಗಿಂತ ಎರಡು ಹೆಜ್ಜೆ ಮುಂದಿರುತ್ತಾರೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು. ಅಂಥ ಹಳೆಯ ಚರ್ಚ್‌ಗಳಲ್ಲಿ ಪ್ರತಿ ಭಾನುವಾರ ಬೇರೆ ಬೇರೆ ಗಂಟಲಿಗೆ ಬಾರಿಸಿದರೆ ಅದಕ್ಕಿಂತ ಒಳ್ಳೆ ತರಬೇತಿ ಬೇಕಿಲ್ಲ.

ಮೂರರಲ್ಲಿ ಒಂದೂ ಆಗಲಿಲ್ಲವಾ? ಪರವಾಗಿಲ್ಲ. ಆರು ತಿಂಗಳ ಕೆಲಸ ಅದು. ಎಲ್ಲಿಂದ ಶುರು ಮಾಡಬೇಕು ಅಂತಾದರೂ ಗೊತ್ತಾಯಿತು.

ಹೆಜ್ಜೆ 2: ಯಾವ ಕೋರ್ಸ್?

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಪದವಿ ಓದಿ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಸಿಗುವ ಮಾಮೂಲಿ ಪದವಿಯೇ ಸಾಕು. "ಗಿಟಾರ್ ಕೈಕೊಟ್ಟರೆ ಇರಲಿ" ಅಂತ ಈ ಮಾತು ಹೇಳುತ್ತಿಲ್ಲ. ಪದವಿ ಸಂಗೀತದ ಬಾಗಿಲನ್ನೇ ತೆರೆಯುತ್ತದೆ. ಪುಣೆಯ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐನಲ್ಲಿ ಸೌಂಡ್ ರೆಕಾರ್ಡಿಂಗ್ ಮತ್ತು ಸೌಂಡ್ ಡಿಸೈನ್ ಕಲಿಯಬೇಕಾದರೆ ಪದವಿ ಆಗಿರಬೇಕು. ಶಾಲೆಗಳು ಸಂಗೀತ ಟೀಚರ್ ತೆಗೆದುಕೊಳ್ಳುವಾಗಲೂ ಮೊದಲು ಪದವಿ ಕೇಳುತ್ತವೆ.

ರಘು ದೀಕ್ಷಿತ್ ಓದಿದ್ದು ಮೈಕ್ರೋಬಯಾಲಜಿ, ಅದೂ ಎಂಎಸ್ಸಿ. ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ಬಾರಿಸಿ ಹೆಸರಾದ ಪ್ರಸನ್ನ, ಮದ್ರಾಸ್ ಐಐಟಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಆಮೇಲೆ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿಗೆ ಹೋದವರು. ಓದಿದ್ದಕ್ಕೆ ಇವರ ಸಂಗೀತವೇನೂ ಕೆಡಲಿಲ್ಲ.

ಯಾವ ಪದವಿ ಅಂದರೆ, ಬಿಕಾಂ ಓದಿದವನು ಮುಂದೆ ತನ್ನ ಲೆಕ್ಕ ತಾನೇ ಬರೆಯುತ್ತಾನೆ. ಬಿಸಿಎ ಓದಿದವಳಿಗೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಭಯ ಹುಟ್ಟಿಸಲ್ಲ. ಮ್ಯೂಸಿಕ್ ಥೆರಪಿ ಕಡೆ ಮನಸ್ಸಿದ್ದರೆ ಮನಃಶಾಸ್ತ್ರ ಆರಿಸಿ. ಶಬ್ದದ ಕಡೆ ಹೋಗುವವರಿಗೆ ಫಿಸಿಕ್ಸ್ ಒಳ್ಳೆಯದು.

ಸಂಗೀತವನ್ನೇ ಓದಬೇಕು ಅಂತ ಹಟ ಇದ್ದರೆ ದಾರಿಗಳು ಇವೆ. ಎ.ಆರ್. ರೆಹಮಾನ್ 2008ರಲ್ಲಿ ಚೆನ್ನೈನಲ್ಲಿ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಶುರು ಮಾಡಿದರು. ಬೆಂಗಳೂರಿನಲ್ಲಿ 1987ರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನುವ ರಾಕ್ ತಂಡದವರ ಸಂಗೀತ ಶಾಲೆ ತಾಕಾಡೆಮಿಯೂ ಅಲ್ಲೇ ಇದೆ. ಶಾಸ್ತ್ರೀಯ ಸಂಗೀತದ ಕಡೆ ಒಲವಿದ್ದರೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಮಡಿಕೇರಿಯಿಂದ ಸುಮಾರು 120 ಕಿ.ಮೀ. ಒಂದೇ ಮಾತು ನೆನಪಿಡಿ. ಲಕ್ಷಗಟ್ಟಲೆ ಫೀಸು ಕೇಳುವ ಡಿಪ್ಲೊಮಾಕ್ಕೆ ಹದಿನೆಂಟನೇ ವಯಸ್ಸಿನಲ್ಲೇ ತೋಟ ಅಡವಿಡಬೇಡಿ. ಮೊದಲು ಕೆಳಗಿನ ಕೆಲಸಗಳಲ್ಲಿ ಎರಡನ್ನಾದರೂ ಮಾಡಿ ನೋಡಿ.

ಪದವಿಯ ಜೊತೆಜೊತೆಗೆ ಗ್ರೇಡ್ ಪರೀಕ್ಷೆ ಬರೆಯಿರಿ. ಲಂಡನ್‌ನ ಟ್ರಿನಿಟಿ ಕಾಲೇಜು ನಡೆಸುವ ಪರೀಕ್ಷೆಗಳು ಇನಿಷಿಯಲ್‌ನಿಂದ 8ನೇ ಗ್ರೇಡ್‌ವರೆಗೆ ಇವೆ. ಕ್ಲಾಸಿಕಲ್ ಬೇರೆ, ರಾಕ್ ಅಂಡ್ ಪಾಪ್ ಬೇರೆ. ಈಗ ಮನೆಯಲ್ಲೇ ಬಾರಿಸಿ ವಿಡಿಯೊ ಕಳಿಸಿಯೂ ಪರೀಕ್ಷೆ ಕೊಡಬಹುದು. ರೈಲೇ ಇಲ್ಲದ ಜಿಲ್ಲೆಯವರಿಗೆ ಇದು ಸಣ್ಣ ಉಪಕಾರ ಅಲ್ಲ. ನಾನು ಒಂದು ಪರೀಕ್ಷೆಗಾಗಿ ರಾತ್ರಿ ಬಸ್ಸಿನಲ್ಲಿ ಗಿಟಾರನ್ನು ತೊಡೆ ಮೇಲೆ ಇಟ್ಟುಕೊಂಡು ಬೆಂಗಳೂರಿಗೆ ಹೋದವನು. ಬೆಳಗ್ಗೆ ಬೆರಳೇ ಬಗ್ಗುತ್ತಿರಲಿಲ್ಲ.

ಹೆಜ್ಜೆ 3: ಕೆಲಸಗಳನ್ನು ಒಂದೊಂದಾಗಿ ನೋಡೋಣ

ಕಲಿಸುವುದು. ಎಲ್ಲಕ್ಕಿಂತ ಬೇಗ ದುಡ್ಡು ಬರುವ, ಎಲ್ಲಕ್ಕಿಂತ ಜಾಸ್ತಿ ದಿನ ಕೈಹಿಡಿಯುವ ಕೆಲಸ. ಎರಡನೇ ವರ್ಷದ ಹೊತ್ತಿಗೆ ಪಕ್ಕದ ಮನೆಯ ಇಬ್ಬರು ಮಕ್ಕಳಿಂದ ಶುರು ಮಾಡಬಹುದು. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ: ಒಬ್ಬರಿಂದ ತಿಂಗಳಿಗೆ 1,200 ರೂಪಾಯಿ ಅಂದರೆ ಎಂಟು ಮಕ್ಕಳಿಂದ 9,600. ಜುಲೈನಲ್ಲಿ ಮಳೆ ರಜೆ, ಶೀತ, ಜ್ವರ ಅಂತ ಎಂಟರಲ್ಲಿ ಐವರೇ ಬರುತ್ತಾರೆ. ಅದಕ್ಕೇ ಕ್ಲಾಸಿನ ಲೆಕ್ಕ ಬೇಡ, ತಿಂಗಳ ಲೆಕ್ಕದಲ್ಲಿ ಮುಂಗಡ ತೆಗೆದುಕೊಳ್ಳಿ. ತಪ್ಪಿದ ಕ್ಲಾಸನ್ನು ಆನ್‌ಲೈನ್ ಮಾಡಿ ಕೊಡಿ.

ಚೆನ್ನಾಗಿ ಬಾರಿಸುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ಎಂಟು ವರ್ಷದ ಮಗುವಿಗೆ ಎಫ್ ಕಾರ್ಡ್ ಹಿಡಿಯಲು ಆಗುತ್ತಿಲ್ಲ ಅಂದರೆ ತಪ್ಪು ಮಗುವಿನದಲ್ಲ. ದೊಡ್ಡ ಗಿಟಾರ್ ಕೊಟ್ಟ ನಿಮ್ಮದು. ಮಕ್ಕಳಿಗೆ ನೈಲಾನ್ ತಂತಿಯ ಮುಕ್ಕಾಲು ಅಳತೆಯ ಗಿಟಾರ್ ಕೊಡಿಸಿ. ಅದೂ ದೊಡ್ಡದಾದರೆ ಯುಕುಲೆಲೆ. ಮೊದಲ ತಿಂಗಳಲ್ಲೇ ಒಂದು ಪೂರ್ತಿ ಹಾಡು ಬಾರಿಸಿ ಮನೆಯವರಿಗೆ ತೋರಿಸುವ ಹಾಗೆ ಮಾಡಿ. ಆ ಮಗು ನಿಮ್ಮ ಹತ್ತಿರ ಉಳಿಯುತ್ತದೆ.

ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ಬಾರಿಸುವುದು. ಕೊಡಗಿನವರಿಗೆ ಇದು ಮನೆ ಬಾಗಿಲಿನ ಕೆಲಸ. ವಾರದ ಕೊನೆಗೆ ಬೆಂಗಳೂರು, ಕೇರಳ, ಚೆನ್ನೈ ಕಡೆಯಿಂದ ಜನ ಬರುತ್ತಾರೆ. ಬೆಂಕಿ ಹಾಕಿ ಕೂತರೆ ಹಾಡು ಬೇಕೇ ಬೇಕು. ಎರಡು ಗಂಟೆಗೆ ಮೂವತ್ತು ಹಾಡು ಇಟ್ಟುಕೊಳ್ಳಿ. ಅರ್ಧ ಕನ್ನಡ ಮತ್ತು ಹಿಂದಿ. ಉಳಿದದ್ದು ತಮಿಳು, ಮಲಯಾಳಂ, ಇಂಗ್ಲಿಷ್. ಒಂದು ಕೊಡವ ಹಾಡು, ಒಂದು ಅರೆಭಾಷೆ ಹಾಡು ಇರಲಿ. ಬಂದವರು ಊರಿಗೆ ಹೋಗಿ ಹೇಳುವುದು ಆ ಎರಡು ಹಾಡಿನ ಬಗ್ಗೆಯೇ.

ಒಪ್ಪಿಕೊಳ್ಳುವ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ: ಎಷ್ಟು ಹೊತ್ತು, ಎಷ್ಟು ದುಡ್ಡು, ಅರ್ಧ ಅಡ್ವಾನ್ಸ್, ಸೌಂಡ್ ಯಾರದ್ದು, ಊಟ ಇದೆಯಾ, ವಾಪಸ್ ಬಿಡುವವರು ಯಾರು. ಒಂದು ಹೊಸ ವರ್ಷದ ರಾತ್ರಿ ಬರೀ ಬಾಯಿಮಾತಿನ ಮೇಲೆ ಬಾರಿಸಿ ಬಂದೆ. ಪೇಮೆಂಟ್ ಕೇಳಿ ಕೇಳಿ ಮಾರ್ಚ್ ಆಯಿತು. ಬಂದದ್ದು ಅರ್ಧ. ಅಲ್ಲಿಂದ ಮುಂದೆ ಅಡ್ವಾನ್ಸ್ ಬರದೆ ಗಿಟಾರ್ ಕೇಸ್ ಮುಟ್ಟಿಲ್ಲ.

ಇನ್ನು ಕಾನೂನು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಸ್ಪೀಕರ್ ಹಾಕುವಂತಿಲ್ಲ. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕೊನೆಯ ಹಾಡು ಮುಗಿಸಿ. ಆಮೇಲೆ ತಿತಿಮತಿ, ಸಿದ್ದಾಪುರ ಕಡೆ ರಾತ್ರಿ ಹನ್ನೊಂದಕ್ಕೆ ಸ್ಕೂಟರ್‌ನಲ್ಲಿ ಒಬ್ಬರೇ ಬರುವ ಧೈರ್ಯ ತೋರಿಸಬೇಡಿ. ರಸ್ತೆಯಲ್ಲಿ ಆನೆ ಇರುತ್ತದೆ. ಹುಡುಗಿಯರಾಗಲಿ ಹುಡುಗರಾಗಲಿ, "ವಾಪಸ್ ಗಾಡಿ ಕೊಡ್ತೀರಾ?" ಅಂತ ಕೇಳುವುದರಲ್ಲಿ ನಾಚಿಕೆ ಏನಿದೆ?

ಹೀಗಿದ್ದರೂ ಇದೊಂದನ್ನೇ ನಂಬಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಪ್ರವಾಸಿಗರು ಬರುವುದೇ ನಿಂತಿತು. ಎರಡು ವರ್ಷ ಬಿಟ್ಟು ಕೊರೊನಾ ಬಂತು. ಆಗ ನನ್ನ ಮನೆ ನಡೆಸಿದ್ದು ಆನ್‌ಲೈನ್ ಕ್ಲಾಸು.

ಮದುವೆಗಳು. ಕೊಡವ ಮದುವೆಯಲ್ಲಿ ವಾಲಗದ ಜಾಗಕ್ಕೆ ಗಿಟಾರ್ ಹೋಗಲ್ಲ, ಹೋಗಬಾರದು ಕೂಡ. ಆದರೆ ರಿಸೆಪ್ಷನ್‌ಗೆ ಬ್ಯಾಂಡ್ ಬೇಕಾಗುತ್ತದೆ. ವಾಲಗದ ಹೊಡೆತ ನಿಮ್ಮ ಬಲಗೈಗೆ ಬಂದಿದ್ದರೆ ಆರ್ಕೆಸ್ಟ್ರಾದವರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಹೊರಗಿನಿಂದ ಬಂದ ಗಿಟಾರಿಸ್ಟ್‌ಗೆ ಅದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಸ್ಟುಡಿಯೋ ಕೆಲಸ. ಕನ್ನಡ ಸಿನಿಮಾ, ಜಾಹೀರಾತು, ಭಕ್ತಿಗೀತೆ ಎಲ್ಲಕ್ಕೂ ಗಿಟಾರ್ ಬಾರಿಸುವವರು ಬೇಕು. ಕೆಲಸ ಜಾಸ್ತಿ ಇರುವುದು ಬೆಂಗಳೂರಿನಲ್ಲಿ. ಈಗ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸುವುದೂ ನಡೆಯುತ್ತದೆ. ಒಂದು ಆಡಿಯೊ ಇಂಟರ್‌ಫೇಸ್ (ಗಿಟಾರ್, ಮೈಕ್‌ನ ಶಬ್ದವನ್ನು ಲ್ಯಾಪ್‌ಟಾಪ್‌ಗೆ ಕೊಡುವ ಪೆಟ್ಟಿಗೆ), ಹೆಡ್‌ಫೋನ್, ಲ್ಯಾಪ್‌ಟಾಪ್ ಸಾಕು. ಸಾಫ್ಟ್‌ವೇರ್‌ಗೆ ರೀಪರ್ ಒಳ್ಳೆಯದು. 60 ದಿನ ದುಡ್ಡಿಲ್ಲದೆ ಬಳಸಿ ನೋಡಬಹುದು. ಆಮೇಲೂ ಲೈಸೆನ್ಸ್ ಅಗ್ಗ.

ಸ್ಟುಡಿಯೋದವರು 48 ಕಿಲೋಹರ್ಟ್ಸ್, 24 ಬಿಟ್ ಕೇಳಿದರೆ ನಾಲ್ಕು ನಿಮಿಷದ ಒಂದು ಮೊನೊ ಟ್ರ್ಯಾಕ್ ಸುಮಾರು 35 ಎಂಬಿ ಆಗುತ್ತದೆ. ಐದು ಟ್ರ್ಯಾಕ್ ಅಂದರೆ 175 ಎಂಬಿ. ತೋಟದ ಮನೆಯ ಮೊಬೈಲ್ ನೆಟ್‌ವರ್ಕ್‌ನಲ್ಲಿ ಇದನ್ನು ಕಳಿಸುವ ಕಷ್ಟ ಪಟ್ಟವರಿಗೇ ಗೊತ್ತು. ಟೌನಿನ ಗೆಳೆಯನ ಮನೆಯ ಫೈಬರ್ ಪರಿಚಯ ಮಾಡಿಕೊಂಡಿರಿ. ಜುಲೈ ಮಧ್ಯಾಹ್ನ ಶೀಟಿನ ಮನೆಯಲ್ಲಿ ಮೈಕ್ ಇಟ್ಟು ಅಕೌಸ್ಟಿಕ್ ರೆಕಾರ್ಡ್ ಮಾಡಲು ಹೋದರೆ ಮಳೆಯ ಹಾಡು ಮಾತ್ರ ಸಿಗುತ್ತದೆ. ಆ ದಿನಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಅನ್ನು ನೇರ ಇಂಟರ್‌ಫೇಸ್‌ಗೆ ಚುಚ್ಚಿ ಕೆಲಸ ಮಾಡಿ. ಹಮ್ (ಕರೆಂಟಿನ ಗುಂಯ್ ಶಬ್ದ) ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ.

ರಿಪೇರಿ. ಇದರ ಬಗ್ಗೆ ಯಾರೂ ಹೇಳಲ್ಲ. ನನಗೆ ಕೇಳಿದರೆ ಕೊಡಗಿನಲ್ಲಿ ಕೈತುಂಬ ಕೆಲಸ ಇರುವುದು ಇದರಲ್ಲೇ. ಗಿಟಾರ್‌ಗೆ ಗಾಳಿಯಲ್ಲಿ ಶೇ 45ರಿಂದ 55ರಷ್ಟು ತೇವ ಹಿತ. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಇನ್ನು ಮರದ ಗತಿ? ಮರ ತೇವ ಕುಡಿದು ಉಬ್ಬುತ್ತದೆ. ಮೇಲಿನ ಹಲಗೆ ಹೊಟ್ಟೆ ಬಿಡುತ್ತದೆ. ತಂತಿಗಳು ಫ್ರೆಟ್‌ನಿಂದ (ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲೆದ್ದು ಒತ್ತಲು ಕಷ್ಟವಾಗುತ್ತದೆ. ಕೆಲವೊಮ್ಮೆ ಬ್ರಿಡ್ಜ್ (ಹಲಗೆ ಮೇಲೆ ತಂತಿ ಕಟ್ಟುವ ತುಂಡು) ಕಿತ್ತು ಬರುತ್ತದೆ. ಆಗಸ್ಟ್‌ನಲ್ಲಿ "ಬೆರಳು ನೋಯ್ತದೆ, ಕಲಿಯೋದು ಬಿಡ್ತೀನಿ" ಅನ್ನುವ ಮಕ್ಕಳ ಗಿಟಾರ್ ಅಳೆದು ನೋಡಿದ್ದೇನೆ. 12ನೇ ಫ್ರೆಟ್ ಹತ್ತಿರ ದಪ್ಪ ತಂತಿ ಎರಡೂವರೆ ಮಿ.ಮೀ. ಆಸುಪಾಸಿನಲ್ಲಿ ಇರಬೇಕು. ಅವರದ್ದು ನಾಲ್ಕು ದಾಟಿರುತ್ತದೆ.

ಕಲಿಯುವುದು ಹೀಗೆ. ಯಾರ ಮನೆಯ ಅಟ್ಟದಲ್ಲೋ ಬಿದ್ದಿರುವ ಹಾಳಾದ ಗಿಟಾರ್ ಎರಡು ತನ್ನಿ. ಅವುಗಳ ಮೇಲೆ ತಂತಿ ಬದಲಿಸುವುದು, ಟ್ರಸ್ ರಾಡ್ (ಕತ್ತಿನೊಳಗಿನ ಕಬ್ಬಿಣದ ಸರಳು) ತಿರುಗಿಸುವುದು, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಉಜ್ಜುವುದು, ಫ್ರೆಟ್ ಮಟ್ಟ ಮಾಡುವುದು, ಬ್ರಿಡ್ಜ್ ಅಂಟಿಸುವುದು ಅಭ್ಯಾಸ ಮಾಡಿ. ಟ್ರಸ್ ರಾಡ್ ಅನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಬೇರೆಯವರ ಗಿಟಾರ್ ಮುಟ್ಟುವುದು ಇವೆಲ್ಲ ಕೈಗೆ ಹತ್ತಿದ ಮೇಲೆ.

ಗಿರಾಕಿಗಳಿಗೆ ಹೇಳಿ: ಗೋಡೆಗೆ ನೇತುಹಾಕಬೇಡಿ, ಒಲೆಯ ಹತ್ತಿರ ಇಡಬೇಡಿ, ಬಿಸಿಲಿಗೂ ಒಣಹಾಕಬೇಡಿ. ಕೇಸ್‌ನೊಳಗೆ ಸಿಲಿಕಾ ಜೆಲ್ ಹಾಕಿಡಿ. ನೀಲಿ ಬಣ್ಣದ್ದು ಗುಲಾಬಿಗೆ ತಿರುಗಿದರೆ ತೇವ ತುಂಬಿದೆ ಅಂತ ಅರ್ಥ. ಬಿಸಿ ಮಾಡಿದರೆ ಮತ್ತೆ ನೀಲಿ.

ಹಾಗೇ ಒಂದು ಮಾತು. ಪ್ರಪಂಚದ ಎಷ್ಟೋ ಒಳ್ಳೆ ಗಿಟಾರ್‌ಗಳ ಬೆನ್ನು ಮತ್ತು ಫಿಂಗರ್‌ಬೋರ್ಡ್ ಇಂಡಿಯನ್ ರೋಸ್‌ವುಡ್‌ನದು. ಅಂದರೆ ನಮ್ಮ ಬೀಟೆ. ಇಲ್ಲಿ ಕಾಫಿಗೆ ನೆರಳು ಕೊಡುವ ಮರವೇ ಅಲ್ಲೆಲ್ಲೋ ಸ್ಟೇಜ್ ಮೇಲೆ ಹಾಡುತ್ತದೆ. 2017ರಲ್ಲಿ ರೋಸ್‌ವುಡ್ ಜಾತಿಯ ಮರಗಳನ್ನು ಅಂತಾರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿನೊಳಗೆ ತಂದರು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಂತ ತೋಟದ ಬೀಟೆ ಕಡಿದು ಗಿಟಾರ್ ಮಾಡಲು ಹೊರಡಬೇಡಿ. ಅರಣ್ಯ ಇಲಾಖೆಯ ಅನುಮತಿ ಬೇಕು. ಗಿಟಾರ್ ಮಾಡುವುದನ್ನು ಕಲಿಯಬೇಕಾದರೆ ಹಳೆಯ ಮಂಚ, ಮೇಜಿನ ಮರ ಸಾಕು.

ಸೌಂಡ್ ಎಂಜಿನಿಯರ್. ಮಡಿಕೇರಿ ದಸರಾ, ಕಾಲೇಜು ಹಬ್ಬ, ಕೊಡವ ಕುಟುಂಬಗಳ ಹಾಕಿ ಹಬ್ಬ, ಹೀಗೆ ಎಲ್ಲ ಕಡೆ ಮಿಕ್ಸರ್ ಹಿಂದೆ ಒಬ್ಬರು ನಿಂತಿರುತ್ತಾರೆ. ಸ್ಟೇಜ್ ಮೇಲಿನ ಹುಡುಗ ಸಿಗದಿದ್ದರೂ ಕಾರ್ಯಕ್ರಮ ನಡೆಯುತ್ತದೆ. ಇವರಿಲ್ಲದೆ ನಡೆಯಲ್ಲ. ಸೌಂಡ್ ಅಂಗಡಿಯವರ ಜೊತೆ ಒಂದು ಸೀಸನ್ ಕೇಬಲ್ ಸುತ್ತುವ ಕೆಲಸಕ್ಕೆ ಹೋಗಿ. ಬೆಂಗಳೂರಿನ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಸೌಂಡ್ ಡಿಪ್ಲೊಮಾ ಇದೆ. ಖಾಸಗಿ ಕಡೆ ಫೀಸು ಕೇಳಿ ಗಾಬರಿಯಾಗುವ ಮುಂಚೆ ಅಲ್ಲಿ ವಿಚಾರಿಸಿ.

ಸೇನೆ. ಕೊಡಗಿನ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಸೇನೆಯ ಮೂರೂ ಪಡೆಗಳಿಗೆ ಬ್ಯಾಂಡ್ ಇದೆ. ನೌಕಾಪಡೆ, ವಾಯುಪಡೆಗಳು ಅಗ್ನಿವೀರ್ ಮ್ಯೂಸಿಷಿಯನ್‌ಗೆ ಆಗಾಗ ಅರ್ಜಿ ಕರೆಯುತ್ತವೆ. ಅವಧಿ ನಾಲ್ಕು ವರ್ಷ. ಮುಂದಕ್ಕೆ ಉಳಿಯುವುದು ನಾಲ್ವರಲ್ಲಿ ಒಬ್ಬರವರೆಗೆ ಮಾತ್ರ. ಬ್ಯಾಂಡಿನ ಜೀವಾಳ ಊದುವ ವಾದ್ಯಗಳು. ಗಿಟಾರ್ ಜೊತೆಗೆ ಸ್ಯಾಕ್ಸೊಫೋನ್ ಅಥವಾ ಕ್ಲಾರಿನೆಟ್ ಕಲಿತರೆ ನಿಮ್ಮ ಕಡೆ ತೂಕ ಜಾಸ್ತಿ. ಆ ಬಾರಿಯ ಪ್ರಕಟಣೆಯಲ್ಲಿ ಯಾವ ವಾದ್ಯ, ಎಷ್ಟು ವಯಸ್ಸು ಅಂತ ಸರಿಯಾಗಿ ಓದಿ.

ಸ್ವಂತ ಹಾಡು. ಮಾಡಿ, ಖಂಡಿತ ಮಾಡಿ. ಆದರೆ ಮೊದಲ ವರ್ಷಗಳಲ್ಲಿ ಇದನ್ನು ಆದಾಯದ ಲೆಕ್ಕಕ್ಕೆ ಹಿಡಿಯಬೇಡಿ. ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ರಾಯಲ್ಟಿ ಲೆಕ್ಕವೇ ಶುರುವಾಗಲ್ಲ. 2024ರಿಂದ ಈ ನಿಯಮ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಶಾರ್ಟ್ಸ್ ಮಾಡುವವರಿಗೆ ಲೆಕ್ಕ ಬೇರೆ.

ದುಡ್ಡಿಗಿಂತ ಮುಖ್ಯ ಹಕ್ಕು. ನೀವು ರಾಗ ಹಾಕಿದ ಕ್ಷಣದಿಂದ ಕಾಪಿರೈಟ್ ನಿಮ್ಮದೇ. ನೋಂದಣಿ ಕಡ್ಡಾಯ ಅಲ್ಲ. ನಿಮ್ಮ ಜೀವಮಾನ, ಅದರ ಮೇಲೆ 60 ವರ್ಷ ಅದು ಉಳಿಯುತ್ತದೆ. 2012ರ ತಿದ್ದುಪಡಿಯ ನಂತರ, ಹಾಡನ್ನು ಸಿನಿಮಾಕ್ಕೋ ಕಂಪನಿಗೋ ಬರೆದುಕೊಟ್ಟರೂ ಸಂಗೀತ ಮಾಡಿದವರು ಮತ್ತು ಸಾಹಿತ್ಯ ಬರೆದವರು ರಾಯಲ್ಟಿಯ ಪಾಲು ಬಿಟ್ಟುಕೊಡುವಂತಿಲ್ಲ. ಆ ದುಡ್ಡು ಸಂಗ್ರಹಿಸಿ ಹಂಚುವುದು 1969ರಲ್ಲಿ ಶುರುವಾದ, ಹಾಡು ಮಾಡುವವರ ರಾಯಲ್ಟಿ ಸಂಸ್ಥೆ ಐಪಿಆರ್‌ಎಸ್. ಮೊದಲ ಹಾಡು ಹೊರಬರುವ ಹೊತ್ತಿಗೆ ಸದಸ್ಯರಾಗಿ. ಇಬ್ಬರು ಮೂವರು ಸೇರಿ ಹಾಡು ಮಾಡಿದರೆ ಯಾರಿಗೆ ಎಷ್ಟು ಪಾಲು ಅಂತ ಅದೇ ದಿನ ಬರೆದಿಡಿ. ಹಾಡು ಓಡಿದ ಮೇಲೆ ಕೂತು ಮಾತಾಡಿದರೆ ಗೆಳೆತನ ಉಳಿಯಲ್ಲ.

ಮಡಿಕೇರಿ ಆಕಾಶವಾಣಿಯನ್ನು ಹಳೇ ಕಾಲದ್ದು ಅಂತ ಮರೆಯಬೇಡಿ. ಆಡಿಷನ್ ಪಾಸಾದರೆ ಬಿ, ಬಿ-ಹೈ, ಎ ಅಂತ ಗ್ರೇಡ್ ಸಿಗುತ್ತದೆ. ಸಂಭಾವನೆ ದೊಡ್ಡದಲ್ಲ. ಆದರೆ ಮನೆಯ ಹಿರಿಯರಿಗೆ ಅರ್ಥವಾಗುವ ಸರ್ಟಿಫಿಕೇಟು ಅದೊಂದೇ.

ಹೆಜ್ಜೆ 4: ಮೂರು ವರ್ಷ ಹೇಗೆ ಹಂಚುವುದು

ಮೊದಲ ವರ್ಷ ದುಡ್ಡಿನ ಯೋಚನೆ ಬೇಡ. ದಿನಕ್ಕೆ ಒಂದೂವರೆ ಗಂಟೆ ಅಭ್ಯಾಸ. ಅದರಲ್ಲಿ ಅರ್ಧ ಗಂಟೆ ಬರೀ ಕಿವಿಯ ಕೆಲಸ. ಕಾಲೇಜಿನ ತಂಡ ಸೇರಿ. ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಪಾಶ್ಚಾತ್ಯ ಸಂಗೀತದ ಸ್ಪರ್ಧೆಗಳಿವೆ, ಬಿಡಬೇಡಿ. ಬಹುಮಾನ ಬಂದರೆ ಸರಿ, ಬರದಿದ್ದರೂ ಬೇರೆ ಊರಿನ ಡ್ರಮ್ಮರ್, ಕೀಬೋರ್ಡಿನವರ ನಂಬರ್ ಸಿಗುತ್ತದೆ. ಮುಂದೆ ಕೆಲಸ ಬರುವುದು ಆ ನಂಬರ್‌ಗಳಿಂದ.

ಎರಡನೇ ವರ್ಷ ಇಬ್ಬರು ಮಕ್ಕಳಿಗೆ ಕಲಿಸಿ, ನಾಲ್ಕು ಕಡೆ ಬಾರಿಸಿ, ಒಂದು ಗಿಟಾರ್ ರಿಪೇರಿ ಮಾಡಿ, ಒಂದು ಹಾಡು ರೆಕಾರ್ಡ್ ಮಾಡಿ. ಯಾವುದನ್ನು ಮಾಡುವಾಗ ಗಡಿಯಾರ ನೋಡಿದಿರಿ, ಯಾವುದರಲ್ಲಿ ಊಟ ಮರೆತಿರಿ? ಬರೆದಿಡಿ. ಇಷ್ಟು ಮಾಡಿ ನೋಡಿದರೆ ಮೂರನೇ ವರ್ಷ ಏನು ಅಂತ ನಾನು ಹೇಳಬೇಕಾಗಿಲ್ಲ. ಎರಡನ್ನು ಗಟ್ಟಿ ಮಾಡಿಕೊಳ್ಳಿ, ಮುಂದಿನ ಓದಿನ ಅರ್ಜಿಗಳ ತಾರೀಕು ನೋಡಿಕೊಳ್ಳಿ.

ಹೆಜ್ಜೆ 5: ಲೆಕ್ಕದ ಪುಸ್ತಕ

ಹದಿನೆಂಟು ತುಂಬಿದ ಕೂಡಲೇ ಪಾನ್ ಮಾಡಿಸಿ. ಸಂಗೀತದ ದುಡ್ಡಿಗೆ ಬೇರೆ ಖಾತೆ ಇಡಿ. ದೊಡ್ಡ ರೆಸಾರ್ಟ್, ಇವೆಂಟ್ ಕಂಪನಿಗಳು ಟಿಡಿಎಸ್ (ಮುಂಚೆಯೇ ಕಡಿತ ಮಾಡುವ ತೆರಿಗೆ) ಹಿಡಿದು ಕೊಡಬಹುದು. ರಿಟರ್ನ್ ಹಾಕಿದರೆ, ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೆ, ಅದು ವಾಪಸ್ ಬರುತ್ತದೆ. ಎಷ್ಟೋ ಹುಡುಗರು ಸುಮ್ನೆ ಬಿಟ್ಟುಬಿಡುತ್ತಾರೆ. ಬಂದದ್ದರಲ್ಲಿ ಹತ್ತನೇ ಒಂದು ಪಾಲು ತಂತಿ, ರಿಪೇರಿ, ಕೇಬಲ್‌ಗೆ ತೆಗೆದಿಡಿ. ಇನ್ನೊಂದು ಪಾಲು ಜೂನ್‌ನಿಂದ ಆಗಸ್ಟ್‌ವರೆಗಿನ ಖಾಲಿ ದಿನಗಳಿಗೆ.

ಹೆಜ್ಜೆ 6: ಮನೆಯಲ್ಲಿ ಮಾತಾಡುವುದು

ಹುತ್ತರಿಗೆ ಎಲ್ಲರೂ ಸೇರಿದಾಗ, ಹತ್ತು ಜನರ ಮುಂದೆ ಈ ಮಾತು ತೆಗೆಯಬೇಡಿ. ಫೌಜಿನಿಂದ ಬಂದ ದೊಡ್ಡಪ್ಪ ಒಂದು ಹೇಳುತ್ತಾರೆ, ಬ್ಯಾಂಕಿನಲ್ಲಿರುವ ಮಾವ ಇನ್ನೊಂದು ಹೇಳುತ್ತಾರೆ, ಅಪ್ಪ ಮರ್ಯಾದೆಗೆ ಅಂತ ಗಟ್ಟಿಯಾಗುತ್ತಾರೆ. ಅಪ್ಪ, ಅವ್ವ ಇಬ್ಬರೇ ಇರುವಾಗ, ಸಂಜೆ ಕಾಫಿ ಹೊತ್ತಿಗೆ ಕೂತು ಮಾತಾಡಿ. ಕನಸಿನ ಮಾತು ಬೇಡ, ಪುಸ್ತಕ ತೆಗೆದು ತೋರಿಸಿ: ಈ ಆರು ತಿಂಗಳಲ್ಲಿ ಇಷ್ಟು ಬಂತು, ಇಷ್ಟು ಖರ್ಚಾಯಿತು, ಪರೀಕ್ಷೆಯಲ್ಲಿ ಇಷ್ಟು ಮಾರ್ಕ್ಸ್. ತೋಟದ ಲೆಕ್ಕ ಬರೆದು ಅಭ್ಯಾಸವಿರುವ ಕೈಗೆ ಆ ಪುಟ ತಿರುವಲು ಎರಡು ನಿಮಿಷ ಸಾಕು.

ಹೋದ ವರ್ಷ ಫೋನ್ ಮಾಡಿದ್ದ ಒಬ್ಬ ಅಪ್ಪ ಈ ಏಪ್ರಿಲ್‌ನಲ್ಲಿ ಮತ್ತೆ ಮಾಡಿದರು. ಹೊಟ್ಟೆ ತುಂಬುವ ಮಾತು ಬರಲಿಲ್ಲ. "ಸರ್, ಇವನು ಮಕ್ಕಳಿಗೆ ಕಲಿಸಿ ಒಂದಿಷ್ಟು ಸೇರಿಸಿದ್ದಾನೆ. ಇಂಟರ್‌ಫೇಸ್ ಅಂತೆ, ಅದಕ್ಕೆ ಎರಡು ಸಾವಿರ ಕಮ್ಮಿ ಬಿದ್ದಿದೆ. ಒಳ್ಳೇದು ಯಾವುದು ಹೇಳಿ" ಅಂದರು. ಹೆಸರು ಹೇಳಿದೆ. ಬರೆದುಕೊಳ್ಳಲು ಪೆನ್ ಹುಡುಕಿದರು.